ಹೊಳೆ ಕಡೆದ ಹರವಿಗಳು

ಅಷ್ಟವಿನಾಯಕ ಯಾತ್ರೆಗೆ ಹೊರಟವರಲ್ಲಿ ಕೆಲವರು ರಾಂಜಣಗಾಂವದ ಮಹಾಗಣಪತಿಗೆ ಕೈಮುಗಿದು, ಹೊತ್ತಿದ್ದರೆ, ಉತ್ತರಕ್ಕೆ ಕುಕಡಿ ಹೊಳೆಯ ಕಡೆ ಗಾಡಿ ತಿರುಗಿಸುತ್ತಾರೆ. ಶಿರೂರು ತಾಲೂಕಿನ ಟಾಕಳಿ ಹಾಜಿಗೂ ಪಾರನೇರ ತಾಲೂಕಿನ ನಿಘೋಜಿಗೂ ನಡುವೆ ಹೊಳೆಯ ಪಾತ್ರವೆಲ್ಲ ಕಪ್ಪು ಬಂಡೆ. ಬಂಡೆಯ ತುಂಬ ಆಳದ, ಗುಂಡನೆಯ ಕುಳಿಗಳು. ಮರಾಠಿಯಲ್ಲಿ ಇವು ರಾಂಜಣಖಳಗೆ. ರಾಂಜಣವೆಂದರೆ ಉತ್ತರ ಕರ್ನಾಟಕದ ಹರವಿಯಂಥದು, ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ರಾಂಜಣಗಾಂವವನ್ನೂ ಇದೇ ಹರವಿಗೆ ಗಂಟುಹಾಕಲು ಮನಸ್ಸಾಗುತ್ತದೆ. ಆದರೆ ಊರ ಹೆಸರುಗಳ ವಿಷಯದಲ್ಲಿ ಕಿವಿಯನ್ನು ಅಷ್ಟು ಬೇಗ ನಂಬಬಾರದು.

ಕುಳಿಗಳ ಹೆಸರು ಮಾತ್ರ ಕರಾರುವಾಕ್ಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ದಖ್ಖನಿನ ಈ ಬಸಾಲ್ಟ್ ಕಲ್ಲಾಯಿತು. ಹೊಳೆ ಬಂದದ್ದು ಆಮೇಲೆ. ನೆರೆಯ ಸುಳಿಗೆ ಸಿಕ್ಕ ಕಲ್ಲು ಬಂಡೆಯ ಸಣ್ಣ ತಗ್ಗಿನಲ್ಲಿ, ಒರಳಲ್ಲಿ ಗುಂಡು ತಿರುಗಿದಂತೆ ತಿರುಗಿ ತಿರುಗಿ ತಗ್ಗನ್ನು ತೇಯುತ್ತದೆ. ಆ ಕಲ್ಲು ಸವೆದು ಮುಗಿದರೆ ಮುಂದಿನ ನೆರೆ ಇನ್ನೊಂದನ್ನು ತರುತ್ತದೆ. ಅಕ್ಕಪಕ್ಕದ ಕುಳಿಗಳ ನಡುವಿನ ಗೋಡೆ ಸವೆದು ಎರಡೂ ಒಂದಾಗುವುದುಂಟು. ಏಷ್ಯಾದಲ್ಲೇ ದೊಡ್ಡವು ಎಂದು ಹೇಳಿಕೊಳ್ಳುತ್ತಾರೆ. ಆ ಪಟ್ಟವಿಲ್ಲದೆಯೂ ನೋಡುವಂಥವೇ.

ವಿಹಾರಕ್ಕಿಂತ ಮೊದಲು ಇಲ್ಲಿಗೆ ಜನರನ್ನು ಕರೆದದ್ದು ಮಳಗಂಗಾದೇವಿ. ನಿಘೋಜಿಯ ಚೈತ್ರದ ಜಾತ್ರೆಯಲ್ಲಿ ಬಾವಿಯೊಳಗಿಂದ ದೇವಿಯ ಕೊಡ ತಾನಾಗಿ ಮೇಲೇಳುತ್ತದೆಂಬುದು ಭಕ್ತರ ನಂಬಿಕೆ. ಹೊಳೆಯೇ ಹರವಿ ಕಡೆಯುವಲ್ಲಿ ದೇವಿ ಕೊಡವಾಗಿ ಬಂದರೆ ಅಚ್ಚರಿಯೇನು! ಈಗ ದಂಡೆಯ ಗುಡಿಗೆ ಬಂದವರೇ ತೂಗುಸೇತುವೆಯಿಂದ ಇಣುಕಿ, ಬಂಡೆಯ ಮೇಲೆ ಬುತ್ತಿ ಬಿಚ್ಚಿ, ಕುಳಿಯಂಚಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಹೀಗೆ ಹೊಳೆಯ ನಡುವೆ ಓಡಾಡಲು ಬಂಡೆ ಒಣಗಿರಬೇಕು. ಹರವಿ ಕಡೆಯಲು ನೆರೆ ಬೇಕು. ಮೇಲ್ಗಡೆ ಮಾಣಿಕಡೋಹ ಮತ್ತು ಯೇಡಗಾಂವ ಅಣೆಕಟ್ಟುಗಳಿವೆ. ಕಾಲುವೆ ಹಿಡಿದ ನೀರು ಹೊಲಗಳಿಗೆ ಹೋಗುತ್ತದೆ, ಅದು ತಪ್ಪೆನ್ನುವಂತಿಲ್ಲ. ಆದರೆ ಹೊಳೆಗೆಷ್ಟು, ಯಾವಾಗ ಎಂಬುದನ್ನು ಈಗ ಮಳೆಯೊಂದೇ ತೀರ್ಮಾನಿಸುವುದಿಲ್ಲ. ಒಣಗಿದ ಹೊಳೆ ನಿರಪಾಯ ಎಂದುಕೊಳ್ಳುವುದೂ ತಪ್ಪು. ಕುಳಿಯಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯದು, ನುಣುಪು ಗೋಡೆಯಲ್ಲಿ ಕೈಗೆ ಹಿಡಿತ ಸಿಗದು. ಕಾವೇರಿ ಬಂಡೆಯಲ್ಲಿ ಇಂಥದೇ ಕುಳಿಗಳನ್ನು ಕೊರೆದಿರುವ ಮೇಕೆದಾಟಿನ ಸುತ್ತ ನೀರಿಗಿಳಿದು ಸತ್ತವರ ಸುದ್ದಿಯನ್ನು ಕನ್ನಡಿಗರು ಎಷ್ಟು ಸಲ ಓದಿಲ್ಲ?

ಮಳೆಗಾಲದಲ್ಲಿ ಹೊಳೆ ತುಂಬಿದಾಗ ಕುಳಿಗಳು ಕಣ್ಣಿಗೆ ಬೀಳುವುದಿಲ್ಲ. ಆ ನೀರು ಘೋಡ್ ನದಿ ಸೇರಿ, ಅಲ್ಲಿಂದ ಭೀಮೆಯಾಗಿ, ಉಜನಿ ಜಲಾಶಯದಲ್ಲಿ ತಡೆದು ಉಳಿದದ್ದು ಗಾಣಗಾಪುರದ ಮುಂದೆ ಹಾಯುತ್ತದೆ.