ಸೋರೆಬುರುಡೆಗೆ ಗುರಿಯಿಟ್ಟ ಸವಾರರು

ಮಮ್ಲೂಕರ ಹೆಸರು ಬಂದಾಗಲೆಲ್ಲ ನಮಗೆ ನೆನಪಾಗುವುದು ಐನ್ ಜಾಲೂತ್. 1260ರಲ್ಲಿ ಅವರು ಮಂಗೋಲರ ಸೇನೆಯನ್ನು ಸೋಲಿಸಿದ ರಣಾಂಗಣವದು. ಆದರೆ ಆ ಸವಾರರ ಕೈ ಪಳಗಿದ್ದು ಹೇಗೆಂದು ತಿಳಿಯಬೇಕಾದರೆ ನಾವು ಕೈರೋದ ಮೈದಾನಗಳತ್ತ ನೋಡಬೇಕು.

ಸುಲ್ತಾನ್ ಬೈಬರ್ಸ್ 1267ರಲ್ಲಿ ಕೈರೋದ ಹೊರವಲಯದಲ್ಲಿ ಇಂಥದೊಂದು ಮೈದಾನ ಕಟ್ಟಿಸಿದ. ಅಲ್ಲಿ ನಡೆಯುತ್ತಿದ್ದ ಪಂದ್ಯದ ಹೆಸರು 'ಕಬಕ್'. ತುರ್ಕಿ ಭಾಷೆಯಲ್ಲಿ ಹಾಗೆಂದರೆ ಸೋರೆಬುರುಡೆ. ಎತ್ತರದ ಕಂಬದ ತುದಿಯಲ್ಲಿ ಬುರುಡೆ, ಕೆಲವೊಮ್ಮೆ ಚಿನ್ನ ಅಥವಾ ಬೆಳ್ಳಿಯದೇ ಬುರುಡೆ, ಅದರೊಳಗೊಂದು ಪಾರಿವಾಳ. ನಾಗಾಲೋಟದಲ್ಲಿ ಬಂದ ಸವಾರ ಅದಕ್ಕೆ ಬಾಣ ತಾಗಿಸಿ ಹಕ್ಕಿಯನ್ನು ಹಾರಿಸಿದರೆ ಬುರುಡೆಯೂ ಗೌರವದ ನಿಲುವಂಗಿಯೂ ಅವನ ಪಾಲಿಗೆ.

ಕೇಳಲು ಸುಲಭ. ಬಿಲ್ಲಿಗೆ ಎರಡೂ ಕೈ ಬೇಕು. ಹಾಗಾಗಿ ಲಗಾಮು ಬಿಟ್ಟು ತೊಡೆ, ಮೊಣಕಾಲುಗಳಿಂದಲೇ ಕುದುರೆಯನ್ನು ನಡೆಸಬೇಕು. ಕಂಬದ ಬಳಿ ಮೈಯನ್ನು ಹಿಂದಕ್ಕೆ ಬಾಗಿಸಿ, ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೆ ಬಾಣ ಬಿಡಬೇಕು. ಕುದುರೆಯ ವೇಗ ಬಾಣಕ್ಕೂ ಸೇರಿಕೊಳ್ಳುತ್ತದೆ. ಬುರುಡೆಯ ನೇರ ಕೆಳಗೆ ಬಂದ ಮೇಲೆ ನೇರ ಮೇಲಕ್ಕೆ ಬಿಟ್ಟರೆ ಬಾಣ ಮುಂದೆ ಹೋಗಿಬಿಡುತ್ತದೆ. ಈ ಲೆಕ್ಕ ಕಾಗದದ ಮೇಲೆ ಬರುವಂಥದಲ್ಲ, ಮೈಗೆ ಹತ್ತಬೇಕು. ಅದಕ್ಕೇ ಹೊಸಬರ ಕೈಗೆ ಮೊದಲು ಕೊಡುತ್ತಿದ್ದುದು ಸಡಿಲ ಬಿಲ್ಲು.

ಬಹುಮಾನದ ವಿಷಯದಲ್ಲಿ ವಿದ್ವಾಂಸರ ನಡುವೆ ಬಿಸಿ ಚರ್ಚೆಯೇ ಇತ್ತು. ಬಾಣ, ಕುದುರೆ, ಒಂಟೆಗಳ ಸ್ಪರ್ಧೆಗೆ ಬಹುಮಾನವನ್ನು ಹದೀಸ್ ಒಪ್ಪುತ್ತದೆ. ಆದರೆ ಇಬ್ಬರು ಸ್ಪರ್ಧಿಗಳೂ ಹಣ ಹೂಡಿದರೆ ಅದು ಜೂಜಾಗದಂತೆ ಹಣ ಹೂಡದ ಮೂರನೆಯವನೂ ಸ್ಪರ್ಧಿಸಬೇಕೆಂದು ಬಹುತೇಕ ಫಿಕ್ಹ್ ಪಂಡಿತರ ಮತ. ಇಬ್ನುಲ್ ಕಯ್ಯಿಮ್ (ನಿಧನ 1350) ತಮ್ಮ ಗುರು ಇಬ್ನು ತೈಮಿಯ್ಯರಂತೆ ಅದು ಬೇಕಿಲ್ಲವೆಂದರು.

ಈ ವೈಭವದ ಹಿಂದಿನ ಹುಡುಗರನ್ನು ನಾವು ಮರೆಯುತ್ತೇವೆ. 'ಮಮ್ಲೂಕ್' ಎಂದರೆ ಒಡೆತನಕ್ಕೆ ಒಳಪಟ್ಟವನು. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಿಂದ ತಂದು ಮಾರಿದ ಮಕ್ಕಳು ಅವರು. ಬೈಬರ್ಸನೂ ಹಾಗೆ ಮಾರಾಟವಾದವನೇ. ತರಬೇತಿ ಮುಗಿದ ಮೇಲೆ ಬಿಡುಗಡೆ ಸಿಗುತ್ತಿತ್ತು, ನಿಜ. ಬಿಟ್ಟುಬಂದ ತಾಯಿ ಸಿಗುತ್ತಿರಲಿಲ್ಲ.

1516ರಲ್ಲಿ ಮರ್ಜ್ ದಾಬಿಕ್‌ನಲ್ಲಿ ಮಮ್ಲೂಕರು ಉಸ್ಮಾನಿಯರಿಗೆ ಸೋತರು. ಬಿಲ್ಲು ಬಂದೂಕಿಗೆ ಸೋತಿತೆಂದು ಹೇಳಿ ಮುಗಿಸುವುದು ರೂಢಿ. ನಮಗೆ ಅದು ಅರ್ಧ ಸತ್ಯವೆನಿಸುತ್ತದೆ. ಅಂದು ರಣರಂಗದಲ್ಲೇ ಪ್ರಾಣಬಿಟ್ಟ ಸುಲ್ತಾನ್ ಅಲ್ ಗೌರಿ ಸವಾರಿಯ ಮೈದಾನಗಳಿಗೆ ಮತ್ತೆ ಜೀವ ತುಂಬಿದಂತೆ ಫಿರಂಗಿಗಳನ್ನೂ ಎರಕ ಹೊಯ್ಸಿದ್ದ. ಯುದ್ಧದ ನಡುವೆ ಅವನ ಕೈಬಿಟ್ಟು ಸರಿದವನು ಅಲೆಪ್ಪೊದ ಅವನದೇ ರಾಜ್ಯಪಾಲ ಖೈರ್ ಬೇ.