ಬ್ಯಾಟ್‌ಮ್ಯಾನ್ ಆರ್ಕಮ್ ನೈಟ್: ಆಟ ಸೂಪರ್, ಪಿಸಿಯಲ್ಲಿ ಮಾತ್ರ ಪರದಾಟ!

2015ರ ಜೂನ್ 23ರಂದು ಬಿಡುಗಡೆಯಾದ 'ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್' ಗೇಮ್ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಭರ್ಜರಿ ಮೆಚ್ಚುಗೆ ಗಳಿಸಿತು. ಆದರೆ ಪಿಸಿಯಲ್ಲಿ ಅದರ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ, ವಾರ ಕಳೆಯುವ ಮೊದಲೇ ವಾರ್ನರ್ ಬ್ರದರ್ಸ್ ಪಿಸಿ ಆವೃತ್ತಿಯ ಮಾರಾಟವನ್ನೇ ನಿಲ್ಲಿಸಿತು. ಒಂದೇ ಗೇಮ್‌ಗೆ ಎರಡು ಗತಿ ಬಂದಿದ್ದು ಹೇಗೆ? ಇಲ್ಲಿದೆ ಮಾಹಿತಿ.

ಗೇಮ್‌ನಲ್ಲಿ ಏನಿದೆ?

ಲಂಡನ್‌ನ ರಾಕ್‌ಸ್ಟೆಡಿ ಸ್ಟುಡಿಯೋಸ್ 2009ರಲ್ಲಿ 'ಆರ್ಕಮ್ ಅಸೈಲಮ್', 2011ರಲ್ಲಿ 'ಆರ್ಕಮ್ ಸಿಟಿ' ನೀಡಿತ್ತು. ಆ ಕಥೆಯ ಕೊನೆಯ ಭಾಗವೇ ಇದು. ಸ್ಕೇರ್‌ಕ್ರೋ ಎಂಬ ಖಳನಾಯಕ ವಿಷಾನಿಲ ಬಿಡುವ ಬೆದರಿಕೆ ಹಾಕಿದಾಗ ಗಾಥಮ್ ನಗರದ ಜನರೆಲ್ಲ ಊರು ತೊರೆಯುತ್ತಾರೆ. ಖಾಲಿ ನಗರದಲ್ಲಿ ಬ್ಯಾಟ್‌ಮ್ಯಾನ್ ಹೋರಾಡಬೇಕು.

ಕಟ್ಟಡದ ತುದಿಯಿಂದ ಜಿಗಿದು ರೆಕ್ಕೆಯಂತೆ ಮೇಲಂಗಿ ಬಿಚ್ಚಿ ತೇಲುವುದು, ನಡುವೆಯೇ ಬ್ಯಾಟ್‌ಮೊಬೈಲ್ ಕಾರು ಕರೆದು ಅದರೊಳಗೆ ಇಳಿಯುವುದು ಈ ಗೇಮ್‌ನ ದೊಡ್ಡ ಮಜಾ. ಈ ಸರಣಿಯಲ್ಲಿ ಆ ಕಾರನ್ನು ಓಡಿಸುವ ಅವಕಾಶ ಸಿಕ್ಕಿದ್ದು ಇದೇ ಮೊದಲು. ಕಾರು ಟ್ಯಾಂಕ್ ಆಗಿ ಬದಲಾಗಿ ನಡೆಸುವ ಕಾದಾಟಗಳು ಅತಿಯಾದವು ಎಂಬ ದೂರು ಬಿಟ್ಟರೆ, ಆಟದ ಬಗ್ಗೆ ತಕರಾರು ಕಡಿಮೆ.

ಪಿಸಿಯಲ್ಲಿ ಆಗಿದ್ದೇನು?

ಪಿಸಿಗೆ ಹೊಂದಿಸುವ ಕೆಲಸವನ್ನು ಅಮೆರಿಕದ ಐರನ್ ಗ್ಯಾಲಕ್ಸಿ ಎಂಬ ಬೇರೆ ಸಂಸ್ಥೆಗೆ ವಹಿಸಲಾಗಿತ್ತು. ಗೇಮ್ ಸೆಕೆಂಡಿಗೆ 30 ಫ್ರೇಮ್‌ಗಳಿಗೆ ಸೀಮಿತವಾಗಿತ್ತು. ಅಂದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದವರಿಗೂ ಅದಕ್ಕಿಂತ ನಯವಾದ ಚಲನೆ ಸಿಗುತ್ತಿರಲಿಲ್ಲ. ಕಾರು ವೇಗವಾಗಿ ಓಡುವಾಗ ಚಿತ್ರ ತಡವರಿಸಿ ನಿಲ್ಲುತ್ತಿತ್ತು, ಗೇಮ್ ಏಕಾಏಕಿ ಬಂದ್ ಆಗುತ್ತಿತ್ತು. ಕನ್ಸೋಲ್‌ನಲ್ಲಿದ್ದ ಕೆಲವು ಮಳೆ, ನೆರಳಿನ ಪರಿಣಾಮಗಳೂ ಇಲ್ಲಿ ಕಾಣೆಯಾಗಿದ್ದವು.

ರಿಪೇರಿಗೆ ತಿಂಗಳುಗಳೇ ಬೇಕಾದವು

ಸೆಪ್ಟೆಂಬರ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂತು. ಅಕ್ಟೋಬರ್ 28ರಂದು ಮಾರಾಟ ಮತ್ತೆ ಶುರುವಾಯಿತು. ಆದರೂ ವಿಂಡೋಸ್ 10 ಬಳಕೆದಾರರು 12 ಜಿಬಿ ರ್‍ಯಾಮ್ ಇಟ್ಟುಕೊಳ್ಳುವುದು ಒಳಿತು ಎಂದು ಕಂಪನಿ ಸಲಹೆ ನೀಡಿತು. ದೂರುಗಳು ನಿಲ್ಲದಿದ್ದಾಗ, ಎಷ್ಟೇ ಹೊತ್ತು ಆಡಿದ್ದರೂ ಆ ವರ್ಷದ ಕೊನೆಯವರೆಗೆ ಪೂರ್ತಿ ಹಣ ಹಿಂತಿರುಗಿಸಲು ಒಪ್ಪಿತು. ಭರವಸೆ ನೀಡಿದ್ದ ಮ್ಯಾಕ್, ಲಿನಕ್ಸ್ ಆವೃತ್ತಿಗಳು 2016ರಲ್ಲಿ ರದ್ದಾದವು.

ಖರೀದಿಸುವ ಮುನ್ನ ಗಮನಿಸಿ

* ಮುಂಗಡ ಬುಕಿಂಗ್‌ಗೆ ಆತುರ ಬೇಡ. ಡಿಜಿಟಲ್ ಗೇಮ್‌ನ ಸ್ಟಾಕ್ ಖಾಲಿಯಾಗುವುದಿಲ್ಲ.
* ನೀವು ಆಡುವ ಯಂತ್ರದ ವಿಮರ್ಶೆಯನ್ನೇ ಓದಿ. ಕನ್ಸೋಲ್‌ನಲ್ಲಿ ಸಿಕ್ಕ ಅಂಕ ಪಿಸಿಗೆ ಅನ್ವಯಿಸುವುದಿಲ್ಲ.
* ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಖರೀದಿಸಿದ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಈ ನಿಯಮ ಬಂದಿದ್ದೂ 2015ರ ಜೂನ್‌ನಲ್ಲೇ. ಹಾಗಾಗಿ ಮೊದಲ 2 ಗಂಟೆಯಲ್ಲೇ ಗೇಮ್ ಸರಿಯಾಗಿ ಓಡುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಅಪ್‌ಡೇಟ್‌ಗಳ ನಂತರ ಫ್ರೇಮ್ ಮಿತಿಯನ್ನು 90ರವರೆಗೆ ಏರಿಸಿಕೊಳ್ಳಬಹುದು. ಇಂದಿನ ಒಳ್ಳೆಯ ಪಿಸಿಯಲ್ಲಿ ಆರ್ಕಮ್ ನೈಟ್ ಈಗಲೂ ಆಡಲು ಯೋಗ್ಯ. ಆದರೆ ಮೊದಲ ದಿನವೇ ಪೂರ್ತಿ ಬೆಲೆ ತೆತ್ತವರಿಗೆ ಸಿಕ್ಕಿದ್ದು ಅರೆಬೆಂದ ಗೇಮ್. ಕಾದು ಕೊಂಡವರಿಗೆ ಕಡಿಮೆ ಬೆಲೆಗೆ ಉತ್ತಮ ಆವೃತ್ತಿ ಸಿಕ್ಕಿತು.