ಕ್ಲಚ್ (ಕಾರಿನದು)

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂಪರ್ಕವನ್ನು ಪೆಡಲ್ ಒತ್ತಿದಾಗ ಬಿಡಿಸಿ, ಬಿಟ್ಟಾಗ ಕೂಡಿಸುವ ಭಾಗ. ಫ್ಲೈವೀಲ್‌ಗೂ ಪ್ರೆಷರ್ ಪ್ಲೇಟಿಗೂ ಮಧ್ಯೆ ಬಿಗಿಯಾಗಿ ಕೂತ ಕ್ಲಚ್ ಪ್ಲೇಟು ಘರ್ಷಣೆಯ ಬಲದಿಂದ ತಿರುಗುತ್ತದೆ. ಪ್ಲೇಟು ಪೂರ್ತಿ ಕೂಡಿಕೊಂಡಾಗ ಸವೆಯುವುದಿಲ್ಲ, ಅರೆಬರೆ ಕೂಡಿ ಜಾರುವಾಗ ಸವೆಯುತ್ತದೆ. ಹೀಗಾಗಿ ಅದರ ಆಯುಷ್ಯವನ್ನು ಓಡಿದ ಕಿಲೋಮೀಟರಿಗಿಂತ ಓಡಿಸುವ ರೀತಿಯೇ ಹೆಚ್ಚು ನಿರ್ಧರಿಸುತ್ತದೆ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಟಾಪ್ ಗೇರಿನಲ್ಲಿ ಸಲೀಸಾಗಿ ಹೋದರೆ ಕ್ಲಚ್ಚಿಗೆ ಕೆಲಸವೇ ಕಡಿಮೆ. ನಗರದೊಳಗಿನ ಹಳೆ ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳಿದರೆ ಅಷ್ಟೇ ದೂರಕ್ಕೆ ಸವೆತ ಹಲವು ಪಟ್ಟು.

ಎಲ್ಲ ತಪ್ಪೂ ಚಾಲಕನದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಗುಲಿದರೂ, ಕೇಬಲ್ ಅತಿ ಬಿಗಿಯಾದರೂ ಕ್ಲಚ್ ಜಾರುತ್ತದೆ. ಎಂಜಿನ್ ವೇಗ ಏರಿಯೂ ಕಾರು ಎಳೆಯದಿದ್ದರೆ ಅದು ಜಾರುವಿಕೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಪೆಡಲನ್ನು ನಿಧಾನ ಬಿಟ್ಟಾಗ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಅನುಮಾನ ಖಚಿತ. ರಿವರ್ಸ್ ಹಾಕುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಆಗಿದ್ದರೆ ದ್ರವ ಸೋರಿರಬಹುದು. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ ನೋಡಬೇಕು. ಗೇರ್‌ಬಾಕ್ಸ್ ಇಳಿಸದೆ ಪ್ಲೇಟು ಬದಲಿಸಲಾಗದು. ಆದ್ದರಿಂದ ಮೊದಲು ಕೇಬಲ್ ಮತ್ತು ದ್ರವ ಪರೀಕ್ಷಿಸುವುದೇ ಸರಿಯಾದ ಕ್ರಮ.